ಮೊದಲ ಕ್ವಾರ್ಟರ್ ಇವನದು, ಎರಡನೆಯದು ಅವನದು

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಯನ್ನು 'ಕಾಲೇಜಿನಲ್ಲಿ ಯಾರೂ ತಿರುಗಿ ನೋಡದ ಹುಡುಗ' ಅಂತ ಬರೆದಿದ್ದೀರಿ. ಅವನು ಓದಿದ ಮಿಷಿಗನ್ ವಿಶ್ವವಿದ್ಯಾಲಯದಲ್ಲೇ ಓದಿದ ನನ್ನ ಮಗಳು ಅದನ್ನು ಓದಿ ನಕ್ಕಳು. ಎರಡು ವರ್ಷ ತಂಡವನ್ನು ಆಡಿಸಿದವನು ಯಾರ ಕಣ್ಣಿಗೂ ಬೀಳಲಿಲ್ಲವೇ?"

ಮಗಳು ನಕ್ಕಿದ್ದು ಸರಿ. ಆ ಸಾಲು ಬರೆದವನು ನಾನೇ. ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ 2000ದ ಡ್ರಾಫ್ಟ್‌ನಲ್ಲಿ ಅವನ ಸರದಿ ಬಂದದ್ದು 199ನೆಯದು. ಆ ಸಂಖ್ಯೆ ನೋಡಿ, ಅದರ ಹಿಂದಿನ ಐದು ವರ್ಷಕ್ಕೂ ಅದೇ ಬಣ್ಣ ಬಳಿದುಬಿಟ್ಟೆ.

ಆ ಆಟ ನೋಡದವರಿಗೆ ಒಂದು ಮಾತು. ಚೆಂಡು ಮೊದಲು ಬರುವುದೇ ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಅನ್ನುವುದನ್ನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ನಮ್ಮ ಕ್ರಿಕೆಟ್‌ನ ವಿಕೆಟ್ ಕೀಪರ್ ಥರ, ಒಂದು ಹೊತ್ತಿಗೆ ಒಬ್ಬನಿಗೇ ಜಾಗ. ಉಳಿದವರು ಬೆಂಚಿನ ಮೇಲೆ.

1995ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೋದಿಂದ ಬಂದಾಗ ಬ್ರೇಡಿ ಮಿಷಿಗನ್ ತಂಡದ ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ಏಳನೆಯವನು. ಮೊದಲ ವರ್ಷ ಬರೀ ಅಭ್ಯಾಸ, ಪಂದ್ಯವಿಲ್ಲ. 1996ರಲ್ಲಿ ಕೊನೆಗೂ ಮೈದಾನಕ್ಕಿಳಿದು ಜೊತೆಗಾರನಿಗೆ ಎಸೆದ ಮೊದಲ ಚೆಂಡು, ಅಂದರೆ ಪಾಸ್, ಏನಾಯಿತು ಗೊತ್ತಾ? ಎದುರಾಳಿ ಯುಸಿಎಲ್‌ಎ ತಂಡದವನು ಅದನ್ನು ಹಿಡಿದು, ಮೈದಾನದ ತುದಿಯ ಗೆರೆ ದಾಟಿ ಓಡಿಹೋಗಿ ಟಚ್‌ಡೌನ್ (ಆರು ಅಂಕ) ಮಾಡಿದ. 1997ರಲ್ಲಿ ಮಿಷಿಗನ್ ಒಂದೂ ಪಂದ್ಯ ಸೋಲಲಿಲ್ಲ. ಆದರೆ ಆಡಿಸಿದ್ದು ಬ್ರಯನ್ ಗ್ರೀಸಿ. ನಮ್ಮ ಹುಡುಗ ಊರ ಹತ್ತಿರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿಬಿಡೋಣ ಅಂತಲೂ ಯೋಚಿಸಿದ್ದ. ಹೋಗಲಿಲ್ಲ. ವಾರ ವಾರ ಗ್ರೆಗ್ ಹಾರ್ಡನ್ ಅನ್ನುವ ಆಪ್ತಸಲಹೆಗಾರರ ಹತ್ತಿರ ಕೂತು ಮನಸ್ಸು ಗಟ್ಟಿ ಮಾಡಿಕೊಂಡ.

1998ರಲ್ಲಿ ಜಾಗ ಸಿಕ್ಕಿತು. ಮೊದಲ ಎರಡೂ ಪಂದ್ಯ ಸೋಲು! ಅದೇ ವರ್ಷ ಡ್ರೂ ಹೆನ್ಸನ್ ಬಂದ. ಮಿಷಿಗನ್ ರಾಜ್ಯದವನೇ, ಬೇಸ್‌ಬಾಲ್‌ನಲ್ಲಿ ಯಾಂಕೀಸ್ ತಂಡ ಆಗಲೇ ಆರಿಸಿಕೊಂಡಿದ್ದ ಹುಡುಗ. ಮನೆಮಗನ ಮೇಲೆ ಜನರಿಗೆ ಪ್ರೀತಿ ಜಾಸ್ತಿ ಇರುತ್ತೆ, ಅಲ್ವಾ?

ಹೀಗಾಗಿ 1999ರಲ್ಲಿ ಕೋಚ್ ಲಾಯ್ಡ್ ಕಾರ್ ಒಂದು ವಿಚಿತ್ರ ಏರ್ಪಾಡು ಮಾಡಿದರು. ಮೊದಲ ಕ್ವಾರ್ಟರ್ (15 ನಿಮಿಷದ ಆಟ, ನಗಬೇಡಿ) ಬ್ರೇಡಿಗೆ, ಎರಡನೆಯದು ಹೆನ್ಸನ್‌ಗೆ. ಅರ್ಧ ಆಟ ಮುಗಿದ ಮೇಲೆ ಯಾರು ಅನ್ನುವುದನ್ನು ಕೋಚ್ ಹೇಳುತ್ತಾರೆ. ನನಗಂತೂ ಇದು ಸರಿ ಕಾಣುವುದಿಲ್ಲ. ಹಿರಿಯ ವಿದ್ಯಾರ್ಥಿ, ತಂಡದ ನಾಯಕ, ಪ್ರತಿ ಶನಿವಾರ ಪರೀಕ್ಷೆ ಬರೆದು ಅರ್ಧ ಗಂಟೆಯಲ್ಲಿ ಫಲಿತಾಂಶಕ್ಕೆ ಕಾಯಬೇಕು! ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಮಿಷಿಗನ್ ಸ್ಟೇಟ್ ಎದುರು ಎರಡನೇ ಅರ್ಧಕ್ಕೆ ಕೋಚ್ ಹೆನ್ಸನ್‌ನನ್ನೇ ಇಳಿಸಿದರು. 17 ಅಂಕ ಹಿಂದೆ ಬಿದ್ದಮೇಲೆ ಬ್ರೇಡಿಯನ್ನು ಕರೆದರು. ಅವನು ಅಂತರವನ್ನು ಮೂರಕ್ಕೆ ತಂದ, 34-31ರಲ್ಲಿ ಸೋಲು. ಮುಂದಿನ ವಾರ ಅವನ ಪಾಸ್‌ಗಳಿಂದ ತಂಡ ಒಟ್ಟು 300 ಗಜಕ್ಕೂ ಹೆಚ್ಚು ಮುಂದೆ ಸಾಗಿತು. ಆಮೇಲೆ ಸರದಿ ನಿಂತಿತು.

2000ದ ಜನವರಿ 1. ಆ ಋತುವಿನ ಕೊನೆಯ ದೊಡ್ಡ ಪಂದ್ಯ ಆರೆಂಜ್ ಬೌಲ್, ಎದುರಿಗೆ ಅಲಬಾಮಾ ವಿಶ್ವವಿದ್ಯಾಲಯ. ಎರಡು ಸಲ 14 ಅಂಕ ಹಿಂದೆ ಬಿದ್ದು ಎರಡು ಸಲವೂ ಸಮ ಮಾಡಿದ. 46 ಪಾಸ್‌ನಲ್ಲಿ 34 ಗುರಿ ಮುಟ್ಟಿದವು, 369 ಗಜ, ನಾಲ್ಕು ಟಚ್‌ಡೌನ್. ಹೆಚ್ಚುವರಿ ಆಟದ ಮೊದಲ ಎಸೆತವೇ ಟಚ್‌ಡೌನ್, ಆಮೇಲೆ ಇನ್ನೊಂದು ಅಂಕಕ್ಕೆ ಒದ್ದ ಚೆಂಡೂ ಕಂಬಗಳ ನಡುವೆ. 35. ಅಲಬಾಮಾ ಕೂಡ ಟಚ್‌ಡೌನ್ ಹೊಡೆಯಿತು. ಆದರೆ ಆಮೇಲೆ ಒದ್ದ ಚೆಂಡು ಕಂಬದ ಬಲಕ್ಕೆ ಹೋಯಿತು, ಒಂದೇ ಅಂಕದಿಂದ ಸೋತಿತು. 34.

ಅವನೇ ಕ್ವಾರ್ಟರ್‌ಬ್ಯಾಕ್ ಆಗಿ ಆಟ ಶುರುಮಾಡಿದ ಪಂದ್ಯಗಳ ಲೆಕ್ಕ 20 ಗೆಲುವು, 5 ಸೋಲು. ತಿದ್ದುಪಡಿ ಈ ಸಂಚಿಕೆಯಲ್ಲೇ ಇದೆ. ನಿಮ್ಮ ಮಗಳು ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನ ಆ ಲಕ್ಷ ಜನರ ಸ್ಟೇಡಿಯಮ್ಮಿನಲ್ಲಿ ಕೂತು ಪಂದ್ಯ ನೋಡಿದ್ದರೆ, ಆ ಗದ್ದಲದ ಬಗ್ಗೆ ಒಂದು ಪುಟ ಬರೆದು ಕಳಿಸಲು ಹೇಳಿ. ಹಾಕುತ್ತೇವೆ.

-ಸಂ.