ಅಜ್ಜನ ಕೋವಿಗೆ ಲೇತ್‌ನಲ್ಲಿ ಪಿನ್ ಮಾಡಬಹುದಾ?

ನಮಸ್ಕಾರ. ಅಜ್ಜನ ಕಾಲದ ತೋಟಾ ಕೋವಿಯ ಫೈರಿಂಗ್ ಪಿನ್ (ತೋಟಾಕ್ಕೆ ಬಡಿದು ಗುಂಡು ಹಾರಿಸುವ ಸಣ್ಣ ಕಡ್ಡಿ) ಮುರಿದಿದೆ, ಮನೆಯ ಸಣ್ಣ ಲೇತ್‌ನಲ್ಲಿ ನಾನೇ ಮಾಡಿಕೊಳ್ಳಲಾ ಅಂತ ಕೇಳಿದ್ದೀರಿ. ನೀವು ಕೊಡವರು, ಕೋವಿ ಲೈಸನ್ಸ್‌ನಿಂದ ವಿನಾಯಿತಿ ಇದೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಮಾಡಬೇಡಿ.

ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ, ಒಯ್ಯೋದಕ್ಕೆ ಮಾತ್ರ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದೂ ಅಷ್ಟಕ್ಕೇ. ತಯಾರಿ, ದುರಸ್ತಿ ಎಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್‌ಗೆ ಬರುತ್ತದೆ. ಅದಕ್ಕೆ ಬೇರೆಯೇ ಲೈಸನ್ಸ್ ಬೇಕು. ಕಾಯ್ದೆಯ ಪ್ರಕಾರ ಕೋವಿಯ ಬಿಡಿಭಾಗವೂ ಕೋವಿಯೇ. 2019ರ ತಿದ್ದುಪಡಿ ಆದಮೇಲೆ ಅಕ್ರಮ ತಯಾರಿಗೆ ಕನಿಷ್ಠ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಒಂದು ಪಿನ್‌ಗೋಸ್ಕರ ಇಷ್ಟು ದೊಡ್ಡ ಅಪಾಯ ಬೇಕಾ?

ಕಾನೂನು ಬಿಡಿ, ಕೆಲಸವೂ ಕಾಣುವಷ್ಟು ಸುಲಭ ಅಲ್ಲ. ಲೇತ್‌ನಲ್ಲಿ ಅಳತೆ ಸರಿಯಾಗಿ ಬರಬಹುದು. ಆದರೆ ಉಕ್ಕಿನ ಹದ? ಜಾಸ್ತಿ ಗಟ್ಟಿಯಾದರೆ ಪಿನ್ ಚಟಕ್ ಅಂತ ಮುರಿಯುತ್ತದೆ, ಮೆತ್ತಗಾದರೆ ತುದಿ ಚಪ್ಪಟೆಯಾಗುತ್ತದೆ. ಕೂದಲೆಳೆ ಉದ್ದವಾದರೂ ತೋಟಾದ ಕೇಪು (ಪಿನ್ ಬಡಿದಾಗ ಕಿಡಿ ಹೊತ್ತುವ ಭಾಗ) ತೂತಾಗಿ ಬಿಸಿ ಗಾಳಿ ಮುಖಕ್ಕೇ ನುಗ್ಗಬಹುದು. ಹಳೇ ಕೋವಿಯಲ್ಲಿ ನಳಿಗೆಯ ಬುಡವೂ ಸವೆದಿರುತ್ತೆ, ಅದನ್ನು ನೋಡದೆ ಪಿನ್ ಮಾತ್ರ ಬದಲಾಯಿಸಿದರೆ ಸಾಲದು.

ದುರಸ್ತಿ ಲೈಸನ್ಸ್ ಇರುವ ಕೋವಿ ಅಂಗಡಿಗೆ ಕೊಡಿ. ಕೊಡುವಾಗ ಕೋವಿಯ ನಂಬರ್ ಬರೆಸಿ ರಸೀದಿ ತಗೊಳ್ಳಿ. ನಳಿಗೆಯನ್ನೂ ಪರೀಕ್ಷೆ ಮಾಡಿಸಿ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಪೂಜೆಗೆ ಇಡೋಕೆ ಪಿನ್ ಇಲ್ಲದಿದ್ದರೂ ಏನೂ ಕೊರತೆ ಇಲ್ಲ ಅಲ್ವಾ? ನಿಮ್ಮ ಲೇತ್‌ನಲ್ಲಿ ಕೋವಿ ಇಡುವ ಸ್ಟ್ಯಾಂಡಿಗೆ ಒಳ್ಳೇ ಹಿತ್ತಾಳೆ ಗುಬುಟು ಮಾಡಿ, ಫೋಟೋ ಹಾಕಿ.