ಗ್ಯಾಸ್, ಕರೆಂಟ್ ಕಂಪನಿ ಬದಲಿಸಿದರೆ ಸಪ್ಲೈ ನಿಲ್ಲುತ್ತಾ?
ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬಾಡಿಗೆ ಮನೆ, ಕಂಪನಿ ಬದಲಿಸುವಾಗ ಮಧ್ಯೆ ಗ್ಯಾಸ್, ಕರೆಂಟ್ ನಿಲ್ಲುತ್ತಾ ಅಂತ ಕೇಳಿದ್ದೀರಿ. ಇಲ್ಲ. ಪೈಪು, ತಂತಿ, ಮೀಟರು ಎಲ್ಲಾ ಅವೇ, ಬಿಲ್ ಕಳಿಸುವವರು ಮಾತ್ರ ಬೇರೆ. ಬೆಸ್ಕಾಂ ಒಂದನ್ನೇ ನೋಡಿ ಬಂದ ನಮಗೆ ಇದು ವಿಚಿತ್ರ ಅನಿಸುತ್ತೆ ಅಲ್ವಾ? ಬಿಲ್ ನಿಮ್ಮ ಹೆಸರಿನಲ್ಲಿದ್ದರೆ ಆಯ್ಕೆಯೂ ನಿಮ್ಮದೇ, ಮನೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ.

ತಿಂಗಳ ಡೈರೆಕ್ಟ್ ಡೆಬಿಟ್ (ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ ಆಗುವ) ಮೊತ್ತ ಹೋಲಿಸಬೇಡಿ, ಅದು ಬರೀ ಅಂದಾಜು. ಬಿಲ್ಲಿನಲ್ಲಿ ವರ್ಷದ ಯೂನಿಟ್ ಎಷ್ಟು ನೋಡಿ, ಅದಕ್ಕೆ ಹೊಸ ಕಂಪನಿಯ ಯೂನಿಟ್ ದರ ಹಾಕಿ, ಬಳಸಿದರೂ ಬಿಟ್ಟರೂ ಬೀಳುವ ದಿನದ ಸ್ಟ್ಯಾಂಡಿಂಗ್ ಚಾರ್ಜನ್ನೂ ಸೇರಿಸಿಯೇ ಲೆಕ್ಕ ಮಾಡಿ. ಈಗ ಫಿಕ್ಸೆಡ್ ಪ್ಲಾನ್ (ಇಂತಿಷ್ಟು ಕಾಲ ದರ ಬದಲಾಗದ ಪ್ಲಾನ್) ಇದ್ದರೆ ಅದರ ಕೊನೆಯ 49 ದಿನ ಬರುವವರೆಗೆ ಕಾಯಿರಿ, ಆಗ ಎಕ್ಸಿಟ್ ಫೀ, ಅಂದ್ರೆ ಅವಧಿಗೆ ಮುಂಚೆ ಬಿಟ್ಟಿದ್ದಕ್ಕೆ ಹಾಕುವ ಶುಲ್ಕ, ಕೊಡಬೇಕಿಲ್ಲ.

ಬದಲಾಗುವ ದಿನ ಮೀಟರಿನ ಫೋಟೋ ತೆಗೆದಿಡಿ. ನಾನು ತೆಗೆಯದೆ ಹಳೇ ಕಂಪನಿ ಜೊತೆ ಎರಡು ತಿಂಗಳು ಸುಮ್ನೆ ಗುದ್ದಾಡಿದೆ.