ವೈ ಡಿಎನ್‌ಎ ಎಲ್-ಎಂ27 ಅಂತ ಬಂದಿದೆ. ನಮ್ಮ ತರವಾಡು (ಕುಟುಂಬದ ಮೂಲ) ಮನೆಯವರು ಅರ್ಮೇನಿಯಾದಿಂದ ಬಂದವರಾ?

ಎಲ್ ಅನ್ನುವುದು ವೈ ಡಿಎನ್‌ಎಯ ಒಂದು ದೊಡ್ಡ ವಂಶಗುಂಪು, ಎಂ27 ಅದರ ಒಂದು ಕವಲು. ಆ ಎಲ್ ಗುಂಪಿನ 6,000 ವರ್ಷ ಹಳೆಯ ಎಲುಬು ಅರ್ಮೇನಿಯಾದಲ್ಲಿ ಸಿಕ್ಕಿದೆಯಂತೆ, ಉಡುಪಿ ಕಡೆಯ ನಿಮ್ಮ ಕುಟುಂಬದ ಚರಿತ್ರೆಯಲ್ಲಿ ಅದನ್ನು ಬರೆಯಬಹುದಾ, ಇನ್ನೂ ದೊಡ್ಡ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬರೆಯಬೇಡಿ. ನಾನು ಬರೆದಿದ್ದೆ.

2019ರ ಕೊನೆ. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಸಿಂಧೂ ನಾಗರಿಕತೆಯ ಕಾಲದ ಅಸ್ಥಿಪಂಜರದ ಸುದ್ದಿ ಪೇಪರಲ್ಲೆಲ್ಲ ಬಂದ ಸಮಯ. ನಮ್ಮ ಕುಟುಂಬದ ದೈವಸ್ಥಾನ ಜೀರ್ಣೋದ್ಧಾರವಾಗಿತ್ತು, ಫೆಬ್ರವರಿಯಲ್ಲಿ ನೇಮ (ದೈವದ ಉತ್ಸವ) ಇತ್ತು. ಸ್ಮರಣ ಸಂಚಿಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಪ್ಲಾಸ್ಟಿಕ್ ಕೊಳವೆಗೆ ಗೆರೆಯವರೆಗೆ ಉಗುಳು ತುಂಬಿಸಿ ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ಬಾಯಿ ಒಣಗಿ ಹೋಗಿ ಅರ್ಧ ಗಂಟೆ ಹಿಡಿದಿತ್ತು. ವಾರಗಳು ಕಳೆದ ಮೇಲೆ ಫಲಿತಾಂಶ ಬಂತು. ನಿಮ್ಮದೇ ಗುಂಪು, ಎಲ್-ಎಂ27.

ಆರು ಪುಟದ ಲೇಖನ ಬರೆದೆ. ‘ನಮ್ಮ ಮನೆಯ ಮೂಲ’ ಅಂತ ಹೆಸರು. ಜೊತೆಗೊಂದು ನಕ್ಷೆ. ಅರ್ಮೇನಿಯಾದಿಂದ ಹೊರಟ ಕೆಂಪು ಬಾಣ ಇರಾನ್ ದಾಟಿ, ಸಿಂಧ್ ದಾಟಿ, ನಮ್ಮ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. 400 ಪ್ರತಿ ಅಚ್ಚಾಯಿತು.

ಅಷ್ಟರಲ್ಲಿ ದೊಡ್ಡಮ್ಮನ (ಅಮ್ಮನ ಅಕ್ಕನ) ಮಗನೂ ಖುಷಿಯಿಂದ ಪರೀಕ್ಷೆ ಮಾಡಿಸಿದ್ದ. ಅವನಿಗೆ ಬಂದದ್ದು ಎಚ್-ಎಂ69. ಅದು ಹೆಚ್ಚಾಗಿ ಭಾರತದಲ್ಲೇ ಕಾಣಸಿಗುವ, ಬಹಳ ಹಳೆಯ ಗುಂಪು. ನನಗೆ ತಲೆಬಿಸಿ ಆಯಿತು. ಒಂದೇ ಮನೆ, ಒಂದೇ ಬರಿ (ಗೋತ್ರದ ಹಾಗೆ, ತಾಯಿಯ ಕಡೆಯಿಂದ ಬರುವ ಕುಲ), ಒಟ್ಟಿಗೆ ಆಡಿ ಬೆಳೆದವರು. ಗುಂಪು ಬೇರೆ ಹೇಗೆ? ಫೋನ್ ಮಾಡಿ, "ಸ್ಯಾಂಪಲ್ ಅದಲುಬದಲಾಗಿರಬಹುದು. ಇಲ್ಲದಿದ್ದರೆ ದೊಡ್ಡಮ್ಮನ ಹತ್ತಿರ ಒಮ್ಮೆ ಕೇಳಿ ನೋಡು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟ. ನೇಮಕ್ಕೆ ಬರಲಿಲ್ಲ. ಎರಡೂವರೆ ವರ್ಷ ನನ್ನ ಜೊತೆ ಮಾತಾಡಲಿಲ್ಲ. ದೊಡ್ಡಮ್ಮನಿಗೂ ವಿಷಯ ಗೊತ್ತಾಯಿತು. ಅದರ ಬಗ್ಗೆ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ.

ತಪ್ಪು ತೋರಿಸಿಕೊಟ್ಟದ್ದು ನನ್ನ ಸೋದರಮಾವ. ಅವರು ಹೈಸ್ಕೂಲ್ ಕೂಡ ಮುಗಿಸಿದವರಲ್ಲ. ನೇಮದ ಮರುದಿನ ಚಾವಡಿಯಲ್ಲಿ ಕೂತು ಸಂಚಿಕೆ ಓದುತ್ತಿದ್ದರು. ಕೆಂಪು ಬಾಣದ ಮೇಲೆ ಬೆರಳಿಟ್ಟು, "ಇದು ಗಂಡಸಿನಿಂದ ಗಂಡಸಿಗೆ ಹೋಗುವುದು ಅಂತ ನೀನೇ ಬರೆದಿದ್ದಿ. ಹಾಗಾದರೆ ಇದು ನಿನ್ನ ಅಪ್ಪನದ್ದು. ಈ ಮನೆಯದ್ದು ಹೇಗಾಗುತ್ತದೆ?" ಅಂದರು.

ಇದನ್ನು ಬಿಡಿಸಿ ಹೇಳುತ್ತೇನೆ, ನೀವೂ ಇದೇ ಹೊಂಡದ ಅಂಚಿನಲ್ಲಿ ನಿಂತಿದ್ದೀರಿ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ನಮ್ಮದು ಅಳಿಯಸಂತಾನ. ಮನೆಯೂ ಬರಿಯೂ ತಾಯಿಯಿಂದ ಬರುತ್ತವೆ. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಗಿದೆ ನಿಜ, ಆದರೆ ಬರಿ ಈಗಲೂ ಅಮ್ಮನದ್ದೇ. ಈಗ ನಮ್ಮ ಒಂದೇ ಮನೆಯ ಮೂರು ಗಂಡಸರನ್ನು ನೋಡಿ. ನನ್ನ ವೈ ನನ್ನ ಅಪ್ಪನದ್ದು, ಅವರು ಮದುವೆಯಾಗಿ ಈ ಮನೆಯ ಸಂಬಂಧಕ್ಕೆ ಬಂದವರು. ಮಾವನ ವೈ ನನ್ನ ಅಜ್ಜನದ್ದು, ಅವರೂ ಬೇರೆ ಮನೆಯವರು. ಅಜ್ಜಿಯ ಅಣ್ಣನ ವೈ ಅವರ ಅಪ್ಪನದ್ದು, ಅವರದ್ದು ಮತ್ತೊಂದು ಮನೆ. ಒಂದೇ ಚಾವಡಿಯಲ್ಲಿ ಕೂತ ಮೂರು ತಲೆಮಾರಿನ ಗಂಡಸರಲ್ಲಿ ಮೂರು ಬೇರೆ ಮನೆಗಳ ವೈ.

ಇನ್ನೂ ಒಂದು ಮಾತಿದೆ. ಒಂದೇ ಬರಿಯೊಳಗೆ ನಾವು ಮದುವೆ ಮಾಡುವುದಿಲ್ಲ, ಅಲ್ವಾ? ಅಂದರೆ ಅಪ್ಪನ ಬರಿ ಮತ್ತು ಮಗನ ಬರಿ ಯಾವತ್ತೂ ಒಂದೇ ಆಗಲು ಸಾಧ್ಯವಿಲ್ಲ. ವೈ ಮಾತ್ರ ಅಪ್ಪನಿಂದ ಮಗನಿಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ನಮ್ಮಲ್ಲಿ ವೈ ಪ್ರತಿ ತಲೆಮಾರಿಗೂ ಬರಿ ಬದಲಿಸಲೇಬೇಕು. ಎರಡು ತಲೆ ಒಂದೇ ಬರಿಯಲ್ಲಿ ನಿಲ್ಲುವುದಿಲ್ಲ. ಅಂಥ ವೈಯನ್ನು ಹಿಡಿದುಕೊಂಡು ನಾನು ಬರಿಯ ಚರಿತ್ರೆ ಬರೆದಿದ್ದೆ. ದೊಡ್ಡಮ್ಮನ ಮಗನದ್ದು ಬೇರೆ ಗುಂಪು ಬಂದದ್ದು ಸರಿಯಾಗಿಯೇ ಇತ್ತು. ಅವನ ಅಪ್ಪ ಬೇರೆ, ನನ್ನ ಅಪ್ಪ ಬೇರೆ. ಎಷ್ಟು ಸುಲಭದ ಮಾತು! ‘ಒಂದೇ ಕುಟುಂಬ ಅಂದರೆ ಒಂದೇ ರಕ್ತ’ ಅನ್ನುವುದು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು, ಹಾಗಾಗಿ ಅಪ್ಪಂದಿರು ಬೇರೆ ಬೇರೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಸಂಕಟದ ವಿಷಯ ಅಂದರೆ, ಮನೆಯ ಉತ್ತರ ಅದೇ ವರದಿಯ ಮುಂದಿನ ಪುಟದಲ್ಲಿತ್ತು. ಮೈಟೊಕಾಂಡ್ರಿಯಾ ಡಿಎನ್‌ಎ, ಬರೀ 16,569 ಅಕ್ಷರಗಳದ್ದು. ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದೆ ಹೆಣ್ಣುಮಕ್ಕಳ ಮೂಲಕ ಮಾತ್ರ ಸಾಗುತ್ತದೆ. ಬರಿ ಹೋಗುವ ದಾರಿಯೂ ಅದೇ. ನನ್ನದೂ ದೊಡ್ಡಮ್ಮನ ಮಗನದ್ದೂ ಅಲ್ಲಿ ಒಂದೇ ಆಗಿತ್ತು. ತಾಯಿಯ ಕಡೆಯ ಎಂ ಗುಂಪಿನ ಒಂದು ಕವಲು (ಎಂ27ರ ಎಂಗೂ ಇದಕ್ಕೂ ಸಂಬಂಧವಿಲ್ಲ). ಭಾರತದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎಂ ಗುಂಪಿನವರೇ, ಹಾಗಾಗಿ ಅದರಲ್ಲಿ ಏನು ವಿಶೇಷ ಅಂತ ನಾನು ಆ ಪುಟ ಓದಿಯೇ ಇರಲಿಲ್ಲ.

ಇನ್ನು ಅರ್ಮೇನಿಯಾ. ಅಲ್ಲಿನ ಅರೇನಿ ಗುಹೆಯಲ್ಲಿ ಸಿಕ್ಕ ಮೂರು ಗಂಡಸರ ಎಲುಬಿನಲ್ಲಿ ಎಲ್ ಗುಂಪಿನ ಎಲ್1ಎ ಅನ್ನುವ ಕವಲು ಸಿಕ್ಕಿದ್ದು ನಿಜ. 2016ರಲ್ಲಿ ಪ್ರಕಟವಾಯಿತು. ಸುಮಾರು 5,500 ವರ್ಷ ಹಳೆಯ ಚರ್ಮದ ಶೂ ಸಿಕ್ಕಿದ್ದೂ ಅದೇ ಗುಹೆಯಲ್ಲಿ, ಲೇಸ್ ಸಮೇತ. ಚರ್ಮ ಅಷ್ಟು ವರ್ಷ ಕೊಳೆಯದೆ ಉಳಿಯುವಷ್ಟು ತಂಪು, ಒಣ ಜಾಗ ಅದು. ಅಲ್ಲಿ ಡಿಎನ್‌ಎಯೂ ಉಳಿಯಿತು. ರಾಖಿಗಢಿಯಲ್ಲಿ 61 ಮಾದರಿಗಳನ್ನು ಪರೀಕ್ಷಿಸಿ, ಕೊನೆಗೆ ಕೆಲಸಕ್ಕೆ ಬಂದದ್ದು ಒಂದೇ ಒಂದು. ಅದೂ ಹೆಂಗಸಿನದ್ದು. ಹೆಂಗಸಿಗೆ ವೈ ಇರುವುದಿಲ್ಲ, ಹಾಗಾಗಿ ನಿಮ್ಮ ಪ್ರಶ್ನೆಗೆ ಅದು ಏನೂ ಹೇಳುವುದಿಲ್ಲ. ನಮ್ಮ ಕರಾವಳಿಯ ಮಳೆ, ಸೆಕೆ, ಹುಳಿ ಮಣ್ಣು ಯೋಚಿಸಿ. ಅಲ್ಲಿ ಸಿಕ್ಕಿತು, ಇಲ್ಲಿ ಸಿಗಲಿಲ್ಲ ಅನ್ನುವುದು ಎಲುಬು ಎಲ್ಲಿ ಉಳಿಯಿತು ಅನ್ನುವುದರ ಲೆಕ್ಕ. ಗುಂಪು ಎಲ್ಲಿ ಹುಟ್ಟಿತು ಅನ್ನುವುದರ ಲೆಕ್ಕ ಅಲ್ಲ. ಅರೇನಿಯ ಆ ಮೂವರು ನಮ್ಮ ಅಜ್ಜಂದಿರು ಅಂತಲೂ ಇದರಿಂದ ಗೊತ್ತಾಗುವುದಿಲ್ಲ.

ಎಲ್ ಕವಲುಗಳೆಲ್ಲ ಸೇರುವ ಬುಡದ ವಯಸ್ಸು 20,000 ವರ್ಷಕ್ಕೂ ಜಾಸ್ತಿ. ಅದು ಮಧ್ಯ ಏಷ್ಯಾದ ಪಾಮಿರ್ ಬೆಟ್ಟಗಳ ಕಡೆಯದ್ದು ಅಂದವರಿದ್ದಾರೆ, ಪಶ್ಚಿಮ ಏಷ್ಯಾದ್ದು ಅಂದವರೂ ಇದ್ದಾರೆ. ಆಮೇಲೆ ಕವಲುಗಳು ದಿಕ್ಕಿಗೊಂದರಂತೆ ಹರಡಿದವು. ಎಂ357 ಪಾಕಿಸ್ತಾನದ ಕಡೆ ಜಾಸ್ತಿ, ಅಲ್ಲಿನ ಬೆಟ್ಟದ ಕಲಾಶ್ ಜನರಲ್ಲೂ ಇದೆ. ಎಂ317 ಟರ್ಕಿ, ಕಪ್ಪು ಸಮುದ್ರದ ಕಡೆ. ನಮ್ಮ ಎಂ27 ಭಾರತದಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಮತ್ತೆ ಶ್ರೀಲಂಕಾದಲ್ಲಿ ಹೆಚ್ಚು. 2006ರಲ್ಲಿ ಸೇನ್‌ಗುಪ್ತಾ ಮತ್ತು ಸಂಗಡಿಗರು ಈ ಕವಲು ದಕ್ಷಿಣ ಭಾರತದಲ್ಲೇ ಬೆಳೆದು ಹರಡಿತು ಅಂತ ವಾದಿಸಿದ್ದರು. ಅವರ ಲೇಖನ ಓದುವುದಾದರೆ ಒಂದು ಎಚ್ಚರಿಕೆ. ಆಗ ಇದನ್ನು ಎಲ್1 ಅನ್ನುತ್ತಿದ್ದರು, ಈಗ ಎಲ್1ಎ1. ಪಾಕಿಸ್ತಾನದ್ದು ಆಗ ಎಲ್3, ಈಗ ಎಲ್1ಎ2. ಅದಕ್ಕೇ ಎಂ27, ಎಂ357 ಅನ್ನುವ ರೂಪಾಂತರದ ಹೆಸರನ್ನೇ ಹಿಡಿದುಕೊಳ್ಳಿ, ಅದು ಬದಲಾಗುವುದಿಲ್ಲ. ನಾನು ಹಳೆಯ ಎಲ್1ಕ್ಕೂ ಹೊಸ ಎಲ್1ಎಗೂ ಗಂಟು ಹಾಕಿಯೇ ಬಾಣದ ಅರ್ಧ ದಾರಿ ಎಳೆದಿದ್ದೆ.

ದೊಡ್ಡ ಪರೀಕ್ಷೆ? ಈಗ ಬೇಡ. ವೈಯನ್ನು ಪೂರ್ತಿ ಓದಿಸಿದರೂ ಹೋಲಿಸಿ ನೋಡಲು ಪಕ್ಕದ ಕವಲಿನವರು ಬೇಕು. ಪರೀಕ್ಷೆ ಮಾಡಿಸಿದವರ ಪಟ್ಟಿಗಳಲ್ಲಿ ಯುರೋಪಿನ ಮೂಲದವರು ತುಂಬಿದ್ದಾರೆ, ನಮ್ಮ ಕಡೆಯವರು ಕಡಿಮೆ. ಮಾಡಿಸಲೇಬೇಕು ಅಂತಿದ್ದರೆ ನಿಮ್ಮ ಅಪ್ಪನ ಅಪ್ಪನ ಅಣ್ಣತಮ್ಮಂದಿರ ಗಂಡುಮಕ್ಕಳ ಸಾಲಿನಲ್ಲಿ ಇನ್ನೊಬ್ಬರನ್ನೂ ಒಪ್ಪಿಸಿ, ಇಬ್ಬರೂ ಒಟ್ಟಿಗೆ ಮಾಡಿಸಿ. ಫಲಿತಾಂಶ ಬರುವ ಮೊದಲೇ ಕೂತು, ಯಾರದ್ದು ಯಾರಿಗೆ ಹೊಂದಬೇಕು, ಯಾರದ್ದು ಹೊಂದಬಾರದು ಅಂತ ಕಾಗದದಲ್ಲಿ ಬರೆದಿಡಿ. ನಾನು ಹಾಗೆ ಮಾಡಿದ್ದರೆ ಆ ಫೋನ್ ಮಾಡುತ್ತಿರಲಿಲ್ಲ.

ಮತ್ತೆ ‘ನಮ್ಮ ಮನೆಯವರು ಎಲ್ಲಿಂದ ಬಂದವರು’ ಅಂತ ವೈಗೆ ಕೇಳಬೇಡಿ. ಹತ್ತು ತಲೆಮಾರು ಹಿಂದೆ ಹೋದರೆ ನಿಮಗೆ 1,024 ಜನ ಹಿರಿಯರು, ಅದರಲ್ಲಿ 512 ಗಂಡಸರು. ವೈ ಹೇಳುವುದು ಅವರಲ್ಲಿ ಒಬ್ಬರ ಸುದ್ದಿ. ಆ ಒಬ್ಬರಿಗೂ ನಿಮ್ಮ ತರವಾಡು ಮನೆಗೂ ಸಂಬಂಧವೇ ಇಲ್ಲದಿರಬಹುದು.

ನಾನೀಗ ಆ ಒಬ್ಬರ ದಾರಿಯನ್ನೇ ಮನೆಯಿಂದ ಮನೆಗೆ ಹುಡುಕುತ್ತಿದ್ದೇನೆ. ಅಪ್ಪನ ತರವಾಡು ಗೊತ್ತು. ಅವರ ಅಪ್ಪನದ್ದು ಹೊಳೆಯ ಆಚೆ ದಡದ ಮನೆ, ಹೋಗಿ ನೋಡಿ ಬಂದೆ. ಅವರ ಅಪ್ಪ ಯಾರು ಅಂತ ಆ ಮನೆಯಲ್ಲೂ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅವರು ಆ ಮನೆಯವರಲ್ಲ. ಘಟ್ಟದ ಬುಡದ ಕಡೆಯವರಂತೆ ಅಂತ ಒಬ್ಬ ಮುದುಕಿ ಹೇಳಿದರು. ಮೇ ತಿಂಗಳಲ್ಲಿ ಅಲ್ಲಿಗೆ ಹೋಗುವುದಿದೆ. ದೊಡ್ಡಮ್ಮನ ಮಗ ಕಾರು ತರುತ್ತೇನೆ ಅಂದಿದ್ದಾನೆ.